ಹ್ಯಾಟು, ಹಗ್ಗ, ಓಡಿಬಂದ ಹೆಣ್ಣು: ಹಾರ್ಲೆಕ್ವಿನ್ ಇಂಟ್ರೀಗ್ ಕೌಬಾಯ್ ಕತೆಗಳು ಒಬ್ಬ ದನದ ಡಾಕ್ಟರ ಕಣ್ಣಲ್ಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ದನದ ಡಾಕ್ಟರು. ಪಶುಪಾಲನಾ ಇಲಾಖೆಯಲ್ಲಿ ಇಡೀ ಸರ್ವೀಸು ಹಳ್ಳಿ ಆಸ್ಪತ್ರೆಗಳಲ್ಲೇ ಕಳೆದು ಈಗ ನಿವೃತ್ತಿಯಾಗಿದ್ದೇನೆ. ಹಾಗಾಗಿ ಕೌಬಾಯ್ ಪ್ರೇಮಕತೆ ಕೈಗೆ ಬಂದಾಗ ಎಲ್ಲರೂ ನಾಯಕನ ದವಡೆ, ಭುಜ ನೋಡಿದರೆ ನಾನು ಅವನ ಕೈಯಲ್ಲಿರುವ ಹಗ್ಗ ನೋಡುತ್ತೇನೆ. ಕರು ಎಳೆಯುವಾಗ ಸರಪಳಿಯನ್ನು ಕಾಲಿನ ಯಾವ ಜಾಗಕ್ಕೆ ಹಾಕಿದ? ಕುದುರೆ ಬೆವರಿದಾಗ ಜೀನು ಬಿಚ್ಚಿದನಾ ಇಲ್ಲವಾ? ಈ ವಿಮರ್ಶೆ ಅಂಥ ಕಣ್ಣಿನದು. ಶುದ್ಧ ಸಾಹಿತ್ಯ ವಿಮರ್ಶೆ ಬೇಕು ಅನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ.

ನಾನು ಹೇಳಹೊರಟಿರೋದು ಒಂದೇ ಪುಸ್ತಕದ ಬಗ್ಗೆ ಅಲ್ಲ, ಹಾರ್ಲೆಕ್ವಿನ್ ಇಂಟ್ರೀಗ್ ಅನ್ನುವ ಪುಸ್ತಕಮಾಲೆಯ ಬಗ್ಗೆ. ಅದರಲ್ಲೂ ಕೌಬಾಯ್ ಇರುವ ಕತೆಗಳ ಬಗ್ಗೆ. ಹಾರ್ಲೆಕ್ವಿನ್ 1949ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಶುರುವಾದ ಕಂಪನಿ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಿಲ್ಸ್ ಅಂಡ್ ಬೂನ್ ಅದಕ್ಕಿಂತ ಹಳೆಯದು, 1908ರ ಲಂಡನ್‌ನದು. 1971ರಲ್ಲಿ ಹಾರ್ಲೆಕ್ವಿನ್ ಅದನ್ನು ಕೊಂಡುಕೊಂಡಿತು. 2014ರಲ್ಲಿ ಹಾರ್ಪರ್‌ಕಾಲಿನ್ಸ್ ಬಂದು ಇಬ್ಬರನ್ನೂ ಒಟ್ಟಿಗೆ ಕೊಂಡಿತು. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಮಿಲ್ಸ್ ಅಂಡ್ ಬೂನ್‌ಗಳಲ್ಲಿ ಗ್ರೀಸಿನ ಹಡಗು ಸಾಹುಕಾರರು, ಸಿಡುಕು ಮೋರೆಯ ಸರ್ಜನ್ನರು ಜಾಸ್ತಿ. ಕೌಬಾಯ್‌ಗಳು ಅಪರೂಪ. ಕಾರಣ ಸರಳ. ಬರೆಯುತ್ತಿದ್ದವರೆಲ್ಲ ಬಹುತೇಕ ಬ್ರಿಟನ್ನಿನ ಹೆಂಗಸರು. 70ರ ದಶಕದ ಮಧ್ಯದಲ್ಲಿ ಜಾನೆಟ್ ಡೇಲಿ ಬಂದಾಗಲೇ ಹಾರ್ಲೆಕ್ವಿನ್‌ಗೆ ಮೊದಲ ಅಮೆರಿಕನ್ ಲೇಖಕಿ ಸಿಕ್ಕಿದ್ದು. 1980ರಲ್ಲಿ ಸೈಮನ್ ಅಂಡ್ ಶುಸ್ಟರ್ ಎಂಬ ಪ್ರಕಾಶಕರು ಸಿಲೂಯೆಟ್ ಅಂತ ಪೈಪೋಟಿಯ ಸಾಲು ಶುರುಮಾಡಿ ಅಮೆರಿಕದ ಹೆಂಗಸರಿಂದಲೇ ಬರೆಸಿದರು. 1984ರಲ್ಲಿ ಹಾರ್ಲೆಕ್ವಿನ್ ಸಿಲೂಯೆಟ್ಟನ್ನೂ ಕೊಂಡಿತು. ಇಂಟ್ರೀಗ್ ಶುರುವಾಗಿದ್ದೂ ಅದೇ ವರ್ಷ. ಪ್ರೀತಿಯ ಜೊತೆಗೆ ಒಂದು ಅಪರಾಧ, ಒಂದು ಬೆನ್ನಟ್ಟುವಿಕೆ. ಕೊನೆಯಲ್ಲಿ ಎರಡೂ ಬಗೆಹರಿಯಲೇಬೇಕು, ಅದು ಕರಾರು.

ಪುಸ್ತಕಗಳು ಚಿಕ್ಕವು. ಸುಮಾರು 55 ಸಾವಿರ ಇಂಗ್ಲಿಷ್ ಪದ. ಹಾಸನದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವಷ್ಟರಲ್ಲಿ ಒಂದು ಮುಗಿಯುತ್ತದೆ. ಮುಖಪುಟದಲ್ಲಿ ಹ್ಯಾಟು, ಜೀನ್ಸು, ಹಿಂದೆ ಹಿಮದ ಬೆಟ್ಟ. ಮಗಳು ನೋಡಿ ನಕ್ಕಳು. ನಗಲಿ.

ಕತೆಯ ಅಚ್ಚು ಹೀಗಿರುತ್ತದೆ. ಒಬ್ಬ ಹೆಂಗಸು, ಮೂವತ್ತರ ಆಸುಪಾಸು, ಏನೋ ಕಂಡಿದ್ದಾಳೆ ಅಥವಾ ಯಾರನ್ನೋ ಬಿಟ್ಟು ಬಂದಿದ್ದಾಳೆ. ಲೆಕ್ಕ ಬರೆಯುವ ಕೆಲಸದಲ್ಲಿದ್ದಾಗ ಧಣಿಯ ಕಳ್ಳಲೆಕ್ಕ ಕಣ್ಣಿಗೆ ಬಿದ್ದಿದೆ. ಅಥವಾ ಗಂಡ ಪೊಲೀಸಿನವನು, ಹೊಡೆಯುತ್ತಾನೆ, ದೂರು ಕೊಟ್ಟರೆ ಬರೆದುಕೊಳ್ಳುವವರೆಲ್ಲ ಅವನ ಸ್ನೇಹಿತರು. ಹಳೇ ಕಾರಿನಲ್ಲಿ ರಾತ್ರೋರಾತ್ರಿ ಹೊರಡುತ್ತಾಳೆ. ಅಮೆರಿಕದ ಮೊಂಟಾನದಲ್ಲೋ ವಯೋಮಿಂಗ್‌ನಲ್ಲೋ ಟೆಕ್ಸಾಸ್‌ನಲ್ಲೋ ಕಾರು ಕೈಕೊಡುತ್ತದೆ. ಅಲ್ಲೊಬ್ಬ ಜಾನುವಾರು ಸಾಕುವವನು, ಮಾತು ಕಡಿಮೆ, ಹಿಂದೆ ಏನೋ ನೋವು ತಿಂದವನು. ಆಮೇಲೆ ಹಿಮ, ಕಾಡುಮನೆ, ಗುಂಡಿನ ಸದ್ದು, ಒಂದು ಮುತ್ತು, ಒಂದು ಮೋಸ. ಕೊನೆಗೆ ಮದುವೆ.

ನಗರದ ಹೆಣ್ಣು ಪಶ್ಚಿಮಕ್ಕೆ ಬಂದು ಕೌಬಾಯ್‌ನನ್ನು ಕಾಣುವುದು ಇವರ ಹೊಸ ಉಪಾಯವೇನಲ್ಲ. 1902ರಲ್ಲಿ ಓವನ್ ವಿಸ್ಟರ್ ಬರೆದ 'ದಿ ವರ್ಜಿನಿಯನ್' ಕಾದಂಬರಿಯಲ್ಲೇ ವರ್ಮಂಟ್‌ನ ಟೀಚರಮ್ಮ ಒಬ್ಬಳು ಪಾಠ ಹೇಳಲು ವಯೋಮಿಂಗ್‌ಗೆ ಬರುತ್ತಾಳೆ. ಓಡುವ ಹೆಣ್ಣಿನ ಚಿತ್ರ ಬಂದಿದ್ದು ಬೇರೆ ಕಡೆಯಿಂದ. 60-70ರ ದಶಕದ ಗಾಥಿಕ್, ಅಂದರೆ ಭಯ-ರಹಸ್ಯದ ಪ್ರೇಮಕತೆಗಳ ಮುಖಪುಟ ನೆನಪಿದ್ದವರಿಗೆ ಗೊತ್ತು: ಕತ್ತಲಲ್ಲಿ ದೊಡ್ಡ ಬಂಗಲೆ, ಒಂದೇ ಕಿಟಕಿಯಲ್ಲಿ ದೀಪ, ಮುಂದೆ ಉದ್ದ ಗೌನಿನ ಹುಡುಗಿ ಓಡಿಬರುತ್ತಿದ್ದಾಳೆ. ಆ ಹುಡುಗಿ ಓಡಿ ಓಡಿ ಕೊನೆಗೆ ಬಂದು ಸೇರಿದ ಜಾಗವೇ ಈ ರಾಂಚು, ಅಂದರೆ ಬಯಲಿನ ದೊಡ್ಡ ದನದ ಫಾರಂ, ಅಂತ ನನ್ನ ಲೆಕ್ಕ.

ರಾಂಚೇ ಯಾಕೆ? ಇದಕ್ಕೆ ಉತ್ತರ ಭೂಗೋಳದಲ್ಲಿದೆ. ಮೊಂಟಾನ ರಾಜ್ಯ ಸುಮಾರು 3.8 ಲಕ್ಷ ಚದರ ಕಿಲೋಮೀಟರ್. ಅಂದರೆ ಎರಡು ಕರ್ನಾಟಕ. ಜನ ಎಷ್ಟು? 2020ರ ಜನಗಣತಿಯಲ್ಲಿ ಹನ್ನೊಂದು ಲಕ್ಷಕ್ಕೂ ಸ್ವಲ್ಪ ಕಡಿಮೆ. ಜನಕ್ಕಿಂತ ದನವೇ ಜಾಸ್ತಿ, ಇಪ್ಪತ್ತು ಲಕ್ಷ ದಾಟುತ್ತದೆ. ಅಲ್ಲಿ ಗಾರ್‌ಫೀಲ್ಡ್ ಅಂತ ಒಂದು ಕೌಂಟಿ ಇದೆ, ನಮ್ಮ ಜಿಲ್ಲೆ ಇದ್ದ ಹಾಗೆ. ವಿಸ್ತಾರ ಹನ್ನೆರಡು ಸಾವಿರ ಚದರ ಕಿಲೋಮೀಟರಿಗೂ ಮೇಲೆ, ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತ ಎಷ್ಟೋ ದೊಡ್ಡದು. ಜನ ಸಾವಿರದ ಇನ್ನೂರರ ಆಸುಪಾಸು. ಅಷ್ಟಕ್ಕೂ ಪೊಲೀಸ್ ಮುಖ್ಯಸ್ಥನಾಗಿ ಒಬ್ಬ ಷೆರಿಫ್, ಅವನ ಕೈಕೆಳಗೆ ಬೆರಳೆಣಿಕೆಯ ಮಂದಿ. ಷೆರಿಫ್ ಅನ್ನುವವನು ಮೇಲಿನಿಂದ ವರ್ಗವಾಗಿ ಬಂದ ಎಸ್ಪಿ ಅಲ್ಲ, ಓಟು ಹಾಕಿಸಿಕೊಂಡು ಗೆದ್ದವನು. ಊರಿನವನೇ. ಯಾರಿಗೋ ಅಳಿಯ, ಯಾರಿಗೋ ಸಾಲಗಾರ. ಸಸ್ಪೆನ್ಸ್ ಬರೆಯುವವರಿಗೆ ಇದಕ್ಕಿಂತ ಏನು ಬೇಕು? ಸಹಾಯ ಬರಲು ಒಂದು ಗಂಟೆ ಬೇಕು, ಬಂದವನು ಯಾರ ಕಡೆಯವನು ಅನ್ನೋದೂ ಖಾತ್ರಿ ಇಲ್ಲ. ಇನ್ನೊಂದು ಕಡೆ, ಅಂಥ ಬಯಲಿನಲ್ಲಿ ಕದ್ದು ಬರುವುದೂ ಕಷ್ಟ. ಮಣ್ಣುರಸ್ತೆಯಲ್ಲಿ ಗಾಡಿ ಬಂದರೆ ಮೈಲು ದೂರದಿಂದಲೇ ಧೂಳು ಕಾಣುತ್ತದೆ. ಒಳ್ಳೆಯ ಲೇಖಕಿಯರು ಈ ಧೂಳನ್ನು ಎಷ್ಟು ಚೆನ್ನಾಗಿ ಬಳಸುತ್ತಾರೆ ಅಂದರೆ, ನಾಯಕಿ ಪಾತ್ರೆ ತೊಳೆಯುತ್ತಾ ಕಿಟಕಿಯಾಚೆ ನೋಡಿದಾಗ ನನ್ನ ಕೈಯೂ ನಿಂತುಬಿಡುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಟೆಂಪಲ್ ಗ್ರ್ಯಾಂಡಿನ್ ಅವರ ಹೆಸರು ನಮ್ಮ ಕಸುಬಿನವರಿಗೆ ಗೊತ್ತು. ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯ ಪ್ರೊಫೆಸರ್. ದನಗಳು ಯಾಕೆ ಹೆದರುತ್ತವೆ, ಹೆದರಿಸದೆ ಅವನ್ನು ನಡೆಸುವುದು ಹೇಗೆ ಅಂತ ಜೀವಮಾನ ಕೆಲಸ ಮಾಡಿದವರು. ಅವರ ಪಾಠದಲ್ಲಿ ಫ್ಲೈಟ್ ಜೋನ್ ಅಂತ ಬರುತ್ತದೆ. ಪ್ರತಿ ದನದ ಸುತ್ತ ಕಣ್ಣಿಗೆ ಕಾಣದ ಒಂದು ಸುತ್ತು ಇರುತ್ತದೆ. ನೀವು ಅದರ ಹೊರಗಿದ್ದರೆ ಅದು ತಿರುಗಿ ನಿಮ್ಮನ್ನೇ ನೋಡುತ್ತದೆ. ಒಳಗೆ ಕಾಲಿಟ್ಟರೆ ಸರಿಯುತ್ತದೆ. ಜಾಸ್ತಿ ಒಳಗೆ ನುಗ್ಗಿದರೆ ಓಡುತ್ತದೆ, ಇಲ್ಲ ತಿರುಗಿ ಹಾಯುತ್ತದೆ. ಮನೆಯ ಕೊಟ್ಟಿಗೆಯಲ್ಲಿ ಬೆಳೆದ ಹಸುವಿಗೆ ಈ ಸುತ್ತು ಇಲ್ಲವೇ ಇಲ್ಲ ಅನ್ನಬಹುದು. ಬಯಲಲ್ಲಿ ಬೆಳೆದದ್ದಕ್ಕೆ ಬಹಳ ದೊಡ್ಡದು. ಒಮ್ಮೆ ಏಟು ತಿಂದದ್ದಕ್ಕೆ ಇನ್ನೂ ದೊಡ್ಡದು. ಸರಿಯಾಗಿ ಕೆಲಸ ಮಾಡುವವನು ಆ ಅಂಚಿನಲ್ಲಿ ನಿಲ್ಲುತ್ತಾನೆ. ಒಂದು ಹೆಜ್ಜೆ ಒಳಗೆ, ಅದು ಸರಿದ ಕೂಡಲೇ ಒಂದು ಹೆಜ್ಜೆ ಹಿಂದೆ. ನೇರ ಬೆನ್ನ ಹಿಂದೆ ಹೋಗುವುದಿಲ್ಲ, ಅಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ.

ಹೆಣ್ಣನ್ನು ಹಸುವಿಗೆ ಹೋಲಿಸುತ್ತೀರಾ ಮೇಡಂ ಅಂತ ಬೈಬೇಡಿ. ಹೋಲಿಸುತ್ತಿರುವುದು ಭಯವನ್ನು. ಈ ಪುಸ್ತಕಮಾಲೆಯ ಒಳ್ಳೆಯ ಕತೆಗಳಲ್ಲಿ ನಾಯಕ ಮಾಡುವುದು ಇಷ್ಟೇ. ಅವಳು ಕೊಟ್ಟಿಗೆಯ ಮಾಳಿಗೆಯಲ್ಲಿ ಅಡಗಿದ್ದಾಳೆ ಅಂತ ಗೊತ್ತಾದರೂ ಹತ್ತುವುದಿಲ್ಲ. ಕೆಳಗೆ ನಿಂತು ಕುದುರೆಗೆ ಹುಲ್ಲು ಹಾಕುತ್ತಾ ತನ್ನ ಹೆಸರು ಹೇಳುತ್ತಾನೆ. ಬಾಗಿಲು ಅವಳ ಕೈಗೆ ಸಿಗುವಂತೆ ಬಿಟ್ಟು ಅವನು ಒಳಗಿನ ಕುರ್ಚಿಯಲ್ಲಿ ಕೂರುತ್ತಾನೆ. ಟ್ರಕ್ಕಿನ ಕೀಲಿ ಮೇಜಿನ ಮೇಲಿಟ್ಟು 'ಪೆಟ್ರೋಲ್ ತುಂಬಿದೆ' ಅಂತಷ್ಟೇ ಹೇಳಿ ಹೊರಗೆ ಹೋಗುತ್ತಾನೆ. ಅಂಥ ನಾಯಕ ಬಂದರೆ ಮುಂದಿನ ಇನ್ನೂರು ಪುಟ ಅವನನ್ನು ನಂಬಬಹುದು. ಕೆಟ್ಟ ಕತೆಯಲ್ಲಿ ಅವನು ಎರಡನೇ ಅಧ್ಯಾಯದಲ್ಲೇ ಅವಳ ತೋಳು ಹಿಡಿದು ಗೋಡೆಗೊರಗಿಸಿ 'ನಿಜ ಹೇಳು' ಅನ್ನುತ್ತಾನೆ. ಅವಳ ಎದೆ ಡವಡವ ಅನ್ನುತ್ತದೆ, ಅದು ಪ್ರೀತಿಯಂತೆ. ಅಲ್ಲಮ್ಮಾ, ಅದು ಭಯ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವಳಿಗೆ ತೋಳು ಹಿಡಿದರೆ ಏನಾಗುತ್ತದೆ ಅಂತ ಆ ಲೇಖಕಿ ಯೋಚಿಸಿಯೇ ಇಲ್ಲ. ನಾನು ಅಲ್ಲಿಗೇ ಪುಸ್ತಕ ಮುಚ್ಚುತ್ತೇನೆ.

ನನಗೆ ಈ ಅಂಚಿನ ಪಾಠ ಕಲಿಸಿದ್ದು ಅಮೆರಿಕದ ದನಗಳಲ್ಲ. ಕಡೂರು, ಅಜ್ಜಂಪುರದ ಕಡೆ ಅಮೃತಮಹಲ್ ದನಗಳ ಕಾವಲುಗಳು, ಅಂದರೆ ಹುಲ್ಲುಗಾವಲುಗಳು, ಇವೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅನ್ನುವ ಅರಮನೆಯ ದನದ ಇಲಾಖೆಯ ತಳಿ, ಟಿಪ್ಪು ಕಾಲದಲ್ಲಿ ಅಮೃತಮಹಲ್ ಅಂತ ಹೆಸರಾಯಿತು, ಫಿರಂಗಿ ಎಳೆಯಲು ಬಳಸಿದ ಎತ್ತುಗಳು. ಬಯಲಲ್ಲೇ ಹುಟ್ಟಿ ಬಯಲಲ್ಲೇ ಬೆಳೆದವು. ಪ್ಯಾಂಟು ಹಾಕಿದ ಅಪರಿಚಿತರು ಹತ್ತಿರ ಹೋದರೆ ಹಿಂಡಿಗೆ ಹಿಂಡೇ ತಲೆ ಎತ್ತಿ ನಿಲ್ಲುತ್ತದೆ. ಲಸಿಕೆ ಹಾಕಲು ಹೋದಾಗ ಅಲ್ಲಿನ ಕಾವಲುಗಾರರು ಬಾಯಲ್ಲಿ ಸಣ್ಣದೊಂದು ಸದ್ದು ಮಾಡುತ್ತಾ ಬಳಸಿಕೊಂಡು ಬಂದು ದನ ನಿಲ್ಲಿಸುತ್ತಿದ್ದ ರೀತಿ ನೋಡಬೇಕು. ಮೊಂಟಾನದ ಕೌಬಾಯ್ ಬಗ್ಗೆ ಓದುವಾಗ ನನಗೆ ಕಾಣುವ ಮುಖ ಅವರದ್ದೇ. ಮುಖಪುಟದವನದ್ದಲ್ಲ.

ದನದ ವಿಚಾರದಲ್ಲಿ ಈ ಪುಸ್ತಕಗಳಿಗೆ ಎಷ್ಟು ಮಾರ್ಕು? ಕರು ಹಾಕುವ ದೃಶ್ಯಗಳಿಗೆ ನಾನು ಧಾರಾಳವಾಗಿ ಕೊಡುತ್ತೇನೆ. ಅಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಿಂಡಿನ ಹಸುಗಳೆಲ್ಲ ಒಟ್ಟಿಗೆ ಈಯುತ್ತವೆ. ಚೊಚ್ಚಲ ಕಡಸುಗಳನ್ನು ರಾತ್ರಿಯಿಡೀ ಎರಡು-ಮೂರು ಗಂಟೆಗೊಮ್ಮೆ ಎದ್ದು ನೋಡಬೇಕು. ಇದೊಂದು ಸಂಗತಿ ಸಸ್ಪೆನ್ಸ್‌ಗೆ ಹೇಳಿ ಮಾಡಿಸಿದಂತಿದೆ. ರಾತ್ರಿ ಎರಡಕ್ಕೆ ಕೊಟ್ಟಿಗೆಯಲ್ಲಿ ದೀಪ ಉರಿಯುತ್ತಿದ್ದರೆ ಅದು ನಾಯಕನಾ, ಹುಡುಕಿಕೊಂಡು ಬಂದವನಾ? ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಹುಟ್ಟಿದ ಕರುವನ್ನು ಮನೆಯೊಳಗೆ ತಂದು ಸ್ನಾನದ ತೊಟ್ಟಿಯ ಬಿಸಿನೀರಿನಲ್ಲಿ ಮಲಗಿಸುವುದು ಕತೆಗಾರ್ತಿಯ ಕಲ್ಪನೆ ಅಂದುಕೊಳ್ಳಬೇಡಿ, ಅಲ್ಲಿ ನಿಜವಾಗಿ ಮಾಡುತ್ತಾರೆ. ಇಲ್ಲದಿದ್ದರೆ ಕಿವಿ, ಬಾಲ ಮರಗಟ್ಟಿ ಉದುರುತ್ತವೆ. ಆಮೇಲೆ ಗಿಣ್ಣು ಹಾಲು. ಮೊದಲ ಆರು ಗಂಟೆಯೊಳಗೆ ಹೊಟ್ಟೆಗೆ ಬೀಳಬೇಕು, ತಡವಾದಷ್ಟೂ ರೋಗ ತಡೆಯುವ ಶಕ್ತಿ ಕರುವಿಗೆ ದಕ್ಕುವುದಿಲ್ಲ. ಒಂದು ಕತೆಯಲ್ಲಿ ಪಿಸ್ತೂಲು ಹಿಡಿದವನು ಹೊರಗೆ ಹೊಂಚು ಹಾಕಿದ್ದಾನೆ, ಒಳಗೆ ನಾಯಕಿ ಬಾಟಲಿಯಲ್ಲಿ ಗಿಣ್ಣು ಕುಡಿಸುತ್ತಿದ್ದಾಳೆ, ಬಿಟ್ಟು ಓಡುವುದಿಲ್ಲ. ನನಗೆ ಅವಳ ಮೇಲೆ ಅಭಿಮಾನವೇ ಬಂತು.

ಆದರೆ ಕರು ಎಳೆಯುವುದನ್ನು ಬರೆಯುವಾಗ ಹಲವರು ಎಡವುತ್ತಾರೆ. ನಾಯಕ ಶರ್ಟು ಬಿಚ್ಚಿ, ಕಾಲು ಊರಿ, ಒಂದೇ ಸಮ ಎಳೆದು ಕರು ಹೊರತೆಗೆಯುತ್ತಾನೆ. ಹಾಗೆ ಎಳೆದರೆ ತಾಯಿಯ ನರ ಜಖಂ ಆಗಿ ಅದು ಏಳದೇ ಹೋಗಬಹುದು. ಸರಪಳಿಯನ್ನು ಗೊರಸಿನ ಮೇಲಿನ ಕೀಲು ದಾಟಿಸಿ ಹಾಕಬೇಕು, ಅದರ ಕೆಳಗೆ ಇನ್ನೊಂದು ಸುತ್ತು. ಹಸು ಮುಕ್ಕಿದಾಗ ಎಳೆಯಬೇಕು, ಅದು ಸುಮ್ಮನಾದಾಗ ನಾವೂ ಸುಮ್ಮನಾಗಬೇಕು. ಶರ್ಟು ಬಿಚ್ಚುವುದು ಮಾತ್ರ ಸರಿ, ನಾವೂ ತೋಳಿನವರೆಗೆ ಬಿಚ್ಚಲೇಬೇಕಿತ್ತು. ಅದರಲ್ಲಿ ಏನೂ ರೊಮ್ಯಾನ್ಸ್ ಇಲ್ಲ ಅನ್ನೋದು ಬೇರೆ ವಿಷಯ.

ಕುದುರೆಯ ವಿಷಯ ಹೇಳಿದರೆ ಇನ್ನೂ ಬೇಜಾರು. ರಾತ್ರಿಯಿಡೀ ಇಬ್ಬರನ್ನು ಹೊತ್ತುಕೊಂಡು ನಾಗಾಲೋಟದಲ್ಲಿ ಓಡುವ ಕುದುರೆ ಈ ಭೂಮಿಯ ಮೇಲಿಲ್ಲ. ಅವರು ಹತ್ತುವುದು ಸಾಮಾನ್ಯವಾಗಿ ಕ್ವಾರ್ಟರ್ ಹಾರ್ಸ್ ತಳಿ. ಆ ಹೆಸರೇ ಕಾಲು ಮೈಲಿ ಓಟದಿಂದ ಬಂದದ್ದು, ಸುಮಾರು ನಾನೂರು ಮೀಟರ್. ಅಷ್ಟು ದೂರಕ್ಕೆ ಅದು ಬಾಣ. ದನದ ಹಿಂದೆ ತಿರುಗಿ, ನಿಂತು, ಮತ್ತೆ ಚಿಮ್ಮುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಆಮೇಲೆ ಅದಕ್ಕೂ ಉಸಿರು ಬೇಕಲ್ವಾ? ಕತ್ತಲಲ್ಲಿ ಮುಳ್ಳುತಂತಿ ಬೇಲಿಗೆ ಕುದುರೆ ನುಗ್ಗಿದರೆ ಎದೆ ಸೀಳಿಹೋಗುತ್ತದೆ. 1874ರಲ್ಲಿ ಇಲಿನಾಯ್‌ನ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಆ ಬಯಲೆಲ್ಲ ಬೇಲಿಯಾಯಿತು. ಈ ಕತೆಗಳಲ್ಲಿ ಮಾತ್ರ ಓಡುವವರ ದಾರಿಗೆ ಒಂದು ಬೇಲಿಯೂ ಅಡ್ಡ ಬರುವುದಿಲ್ಲ.

ಇನ್ನು ಇಂಜೆಕ್ಷನ್. ವೆಟ್ ಡಾಕ್ಟರ ಟ್ರಕ್ಕಿನಿಂದ ಕದ್ದ ಔಷಧಿಯನ್ನು ಖಳನಾಯಕ ನಾಯಕಿಯ ಕುತ್ತಿಗೆಗೆ ಚುಚ್ಚುತ್ತಾನೆ, ಅವಳು ಎರಡು ಸೆಕೆಂಡಿಗೆ ಕುಸಿಯುತ್ತಾಳೆ. ಕ್ಸೈಲಜಿನ್ ಅಂತ ಹೆಸರೂ ಬರೆದಿರುತ್ತಾರೆ, ಪ್ರಾಣಿಗಳಿಗೆ ಮತ್ತು ಬರಿಸುವ ಔಷಧಿ ಅದು. ಸ್ವಾಮಿ, ಮಾಂಸಖಂಡಕ್ಕೆ ಹಾಕಿದ ಔಷಧಿ ಏರಲು ನಿಮಿಷಗಳು ಬೇಕು. ಅಷ್ಟರಲ್ಲಿ ಅವಳು ಅವನ ಕಣ್ಣು ಕಿತ್ತಿರಬಹುದು. ಪ್ರಾಣಿಯಿಂದ ಪ್ರಾಣಿಗೆ ಪ್ರಮಾಣವೂ ಬೇರೆ. ಕುದುರೆಗೆ ಹಾಕುವುದರ ಹತ್ತನೇ ಒಂದು ಪಾಲು ಸಾಕು ದನ ಮಲಗಲು. ಒಬ್ಬ ಲೇಖಕಿಯಾದರೂ ಈ ವ್ಯತ್ಯಾಸವನ್ನೇ ಸುಳಿವು ಮಾಡಿ ಕಳ್ಳನನ್ನು ಹಿಡಿಸಬಾರದಾ ಅಂತ ಆಸೆ. ಹಾಗೇ ಯೆಲ್ಲೋಸ್ಟೋನ್ ಸುತ್ತಮುತ್ತ ಕಾಡೆಮ್ಮೆ, ಎಲ್ಕ್ ಅನ್ನುವ ದೊಡ್ಡ ಜಿಂಕೆಗಳಲ್ಲಿ ಬ್ರುಸೆಲ್ಲೋಸಿಸ್ ಇದೆ, ಅದೇ ನಮ್ಮ ದನಗಳು ಕಂದು ಹಾಕುವ ರೋಗ. ಹಿಂಡಿಗೆ ಬಂದರೆ ಸಾಕಿದವನು ದಿವಾಳಿ. ರೋಗದ ವರದಿ ಮುಚ್ಚಿಡುವ ರಾಂಚಿನ ಯಜಮಾನ, ಅದನ್ನು ಕಂಡ ಲ್ಯಾಬಿನ ಹುಡುಗಿ. ಕತೆ ರೆಡಿ ಇದೆ, ಬರೆಯುವವರಿಲ್ಲ. ಎಲ್ಲರಿಗೂ ಡ್ರಗ್ಸ್, ಇಲ್ಲ ಗಣಿ, ಇಲ್ಲ ಜಮೀನಿನ ಉಯಿಲು.

ದನಗಳ್ಳತನದ ಕತೆಗಳು ಮಾತ್ರ ಓದಿ. ಅವು ಹಳೇ ಸಿನಿಮಾದ ಮಾತು ಅಂತ ನಮಗನಿಸುತ್ತದೆ. ಈಗಲೂ ನಡೆಯುತ್ತದೆ. ಟೆಕ್ಸಾಸ್‌ನಲ್ಲಿ 1877ರಲ್ಲಿ ದನ ಸಾಕುವವರೇ ಸೇರಿ ಕಟ್ಟಿಕೊಂಡ ಸಂಘವೊಂದಿದೆ, ಟೆಕ್ಸಾಸ್ ಅಂಡ್ ಸೌತ್‌ವೆಸ್ಟರ್ನ್ ಕ್ಯಾಟಲ್ ರೈಸರ್ಸ್ ಅಸೋಸಿಯೇಷನ್. ಅವರ ಸ್ಪೆಷಲ್ ರೇಂಜರ್‌ಗಳು ಇವತ್ತಿಗೂ ಟೆಕ್ಸಾಸ್, ಒಕ್ಲಹೋಮಗಳಲ್ಲಿ ಪೊಲೀಸ್ ಅಧಿಕಾರ ಇಟ್ಟುಕೊಂಡು ದನಗಳ್ಳರನ್ನು ಹಿಡಿಯುತ್ತಾರೆ. ಹರಾಜುಕಟ್ಟೆಗೆ ಬರುವ ದನದ ಮೈಮೇಲಿನ ಬರೆಯ ಮುದ್ರೆ (ಬ್ರ್ಯಾಂಡ್) ಬರೆದಿಡುವ, ಮುದ್ರೆ ತಿದ್ದಿದ್ದರೆ ಗುರುತು ಹಿಡಿಯುವ ಬ್ರ್ಯಾಂಡ್ ಇನ್‌ಸ್ಪೆಕ್ಟರ್‌ಗಳು ಇರುತ್ತಾರೆ. ಇಂಥ ನಾಯಕ ಸಿಕ್ಕರೆ ಬಿಡಬೇಡಿ. ಸೈನ್ಯದಿಂದ ಬಂದ, ಎಲ್ಲ ಬಂದೂಕೂ ಗೊತ್ತಿರುವ, ಒಂದು ಗುಂಡೂ ಗುರಿ ತಪ್ಪದ ನಾಯಕರ ನಡುವೆ, ರಸೀತಿ ಪುಸ್ತಕ ತಿರುವಿ ಕಳ್ಳನನ್ನು ಹಿಡಿಯುವವನು ನನಗಂತೂ ಹತ್ತು ಪಟ್ಟು ಚೆಲುವ.

ಓಡಿಬರುವ ಹೆಣ್ಣಿನ ಬಗ್ಗೆ ಕತೆಗಳು ಎಷ್ಟು ನಿಜ ಹೇಳುತ್ತವೆ? ಸಾಕ್ಷಿ ರಕ್ಷಣೆಯ ಕತೆಗಳನ್ನು ತೆಗೆದುಕೊಳ್ಳಿ. ಅಮೆರಿಕದಲ್ಲಿ 1970ರ ಕಾನೂನಿನಿಂದ ಬಂದ ಈ ವ್ಯವಸ್ಥೆಯನ್ನು ಯು.ಎಸ್. ಮಾರ್ಷಲ್‌ಗಳು, ಅಂದರೆ ಕೇಂದ್ರ ಸರ್ಕಾರದ ಪೊಲೀಸರು, ನಡೆಸುತ್ತಾರೆ. ಹೊಸ ಹೆಸರು, ಹೊಸ ಊರು, ಹೊಸ ಕಾಗದಪತ್ರ. ನಿಯಮ ಪಾಲಿಸಿದ ಒಬ್ಬರೂ ಇದುವರೆಗೆ ಸತ್ತಿಲ್ಲ ಅಂತ ಅವರು ಹೇಳಿಕೊಳ್ಳುತ್ತಾರೆ. ಕತೆಗಳಲ್ಲಿ ಏನಾಗುತ್ತದೆ? ನಾಯಕಿ ಐದನೇ ಅಧ್ಯಾಯದಲ್ಲಿ ಅಕ್ಕನಿಗೆ ಫೋನ್ ಮಾಡುತ್ತಾಳೆ. ಪ್ರತಿ ಸಲ. ಇಲ್ಲವಾದರೆ ಮಾರ್ಷಲ್ಲೇ ಲಂಚಕ್ಕೆ ಬಿದ್ದಿರುತ್ತಾನೆ. ಕತೆ ಮುಂದೆ ಹೋಗಬೇಕಲ್ಲ, ಇರಲಿ. ನನಗೆ ಬೇಸರ ಆಗೋದು ಹೊಡೆಯುವ ಗಂಡನ ಕತೆಗಳಲ್ಲಿ. ವಾಷಿಂಗ್ಟನ್ ರಾಜ್ಯ 1991ರಲ್ಲೇ ಒಂದು ಏರ್ಪಾಡು ಶುರುಮಾಡಿತು. ತಪ್ಪಿಸಿಕೊಂಡ ಹೆಂಗಸಿಗೆ ಸರ್ಕಾರವೇ ಒಂದು ಬದಲಿ ವಿಳಾಸ ಕೊಡುತ್ತದೆ, ಕಾಗದಗಳು ಅಲ್ಲಿಗೆ ಹೋಗಿ ಅಲ್ಲಿಂದ ಅವಳಿಗೆ ಬರುತ್ತವೆ, ನಿಜವಾದ ಮನೆ ಸಾರ್ವಜನಿಕರಿಗೆ ಸಿಗುವ ಸರ್ಕಾರಿ ದಾಖಲೆಗಳಲ್ಲಿ ಕಾಣುವುದಿಲ್ಲ. ಆಮೇಲೆ ಬೇರೆ ಬೇರೆ ರಾಜ್ಯಗಳೂ ಮಾಡಿದವು. 1996ರಿಂದ ದೇಶಕ್ಕೆಲ್ಲ ಒಂದು ಸಹಾಯವಾಣಿಯೂ ಇದೆ, ಅದು ನಡೆಯುವುದು ಟೆಕ್ಸಾಸ್‌ನಿಂದಲೇ. ಇಂಥ ಎಷ್ಟೊಂದು ಸಾಮಗ್ರಿ ಕೈಗೆಟುಕುವಲ್ಲಿದೆ. ಆದರೂ ನಾನು ಓದಿದ ಹೆಚ್ಚಿನ ಕತೆಗಳಲ್ಲಿ ಅವಳಿಗೆ ಇರುವ ದಾರಿ ಒಂದೇ, ಅಗಲ ಭುಜದ ಒಬ್ಬ ಗಂಡಸು. ಆಶ್ರಯಧಾಮದ ಹೆಂಗಸರು, ಕೋರ್ಟಿನ ರಕ್ಷಣಾ ಆದೇಶ, ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿಡುವುದು, ಇದ್ಯಾವುದೂ ಇಲ್ಲ. ಮನೆ ಬಿಟ್ಟು ಹೊರಡುವ ಹೊತ್ತೇ ಅತಿ ಅಪಾಯದ್ದು ಅಂತ ಆ ಕೆಲಸದಲ್ಲಿರುವವರೆಲ್ಲ ಹೇಳುತ್ತಾರೆ. ಆ ಹೊತ್ತನ್ನು ಈ ಕತೆಗಳು ಸಾಮಾನ್ಯವಾಗಿ ಒಂದೇ ಪ್ಯಾರಾದಲ್ಲಿ ಮುಗಿಸಿ, ಹಿಮದ ಬೆಟ್ಟಕ್ಕೆ ಹಾರಿಬಿಡುತ್ತವೆ. ನನಗೆ ಆ ಪ್ಯಾರಾವೇ ಹತ್ತು ಪುಟ ಬೇಕಿತ್ತು. ಮಗುವಿನ ಜ್ವರದ ಔಷಧಿ ಯಾವಾಗ ಚೀಲಕ್ಕೆ ಹಾಕಿದಳು? ನಾಯಿ ಬೊಗಳದಂತೆ ಏನು ಮಾಡಿದಳು?

ರಾಂಚಿನ ಕೂಲಿಯಾಳುಗಳೂ ಈ ಕತೆಗಳಲ್ಲಿ ಕಾಣೆ. ಕೌಬಾಯ್ ಕಸುಬೇ ಮೆಕ್ಸಿಕೊದ ದನಗಾಹಿಗಳಾದ ವಕೇರೊಗಳಿಂದ ಬಂದದ್ದು, ಹಗ್ಗ ಬೀಸುವುದು, ಜೀನು ಎಲ್ಲ ಅವರದ್ದು. ಹತ್ತೊಂಬತ್ತನೇ ಶತಮಾನದ ಕೌಬಾಯ್‌ಗಳಲ್ಲಿ ನಾಲ್ವರಲ್ಲಿ ಒಬ್ಬರು ಕಪ್ಪು ಜನ ಅಂತ ಇತಿಹಾಸಕಾರರ ಅಂದಾಜು. ಇವತ್ತಿಗೂ ಆ ಕಡೆ ಕುರಿ ಕಾಯಲು ಪೆರು ದೇಶದಿಂದ ವೀಸಾ ಮೇಲೆ ಬರುತ್ತಾರೆ. ಮೊಂಟಾನದಲ್ಲಿ ಏಳು ಆದಿವಾಸಿ ಮೀಸಲು ಪ್ರದೇಶಗಳಿವೆ. ಕತೆಗಳಲ್ಲಿ ಮಾತ್ರ ನೂರಾರು ದನ, ಒಬ್ಬ ನಾಯಕ, ಇಬ್ಬರು ತಮ್ಮಂದಿರು, ಅಡುಗೆಗೆ ಒಬ್ಬ ಮುದುಕಮ್ಮ. ಸಗಣಿ ಬಾಚುವವರು ಯಾರು ಸ್ವಾಮಿ?

ತಮ್ಮಂದಿರು ಅಂದೆನಲ್ಲ, ಅದು ವ್ಯಾಪಾರದ ಗುಟ್ಟು. ಈ ಪುಸ್ತಕದಲ್ಲಿ ಅಣ್ಣನ ಮದುವೆ, ಮುಂದಿನದರಲ್ಲಿ ತಮ್ಮನದು, ಆಮೇಲೆ ತಂಗಿಯದು. ಒಂದೇ ಊರು, ಒಂದೇ ಹೋಟೆಲು, ಅದೇ ಷೆರಿಫ್. ಇದು ನನಗೆ ಇಷ್ಟವೇ. ಹಿಂದಿನ ಕತೆಯ ನಾಯಕಿ ಮುಂದಿನದರಲ್ಲಿ ಬಸುರಿಯಾಗಿ ಬಂದು ಕಾಫಿ ಕೊಟ್ಟು ಹೋಗುತ್ತಾಳೆ, ನೆಂಟರ ಮನೆಯ ಸುದ್ದಿ ಕೇಳಿದಷ್ಟು ಖುಷಿ. ಆದರೆ ಒಂದು ಸಣ್ಣ ಊರಿನಲ್ಲಿ ಅಷ್ಟೊಂದು ಕೊಲೆ ಆದರೆ ಜನ ಗುಳೆ ಹೋಗುವುದಿಲ್ಲವಾ ಅಂತ ಕೇಳಬೇಡಿ.

ಭಾಷೆ ಸರಳ. ಪಿಯುಸಿ ಇಂಗ್ಲಿಷ್ ಬಂದವರು ಆರಾಮಾಗಿ ಓದಬಹುದು, ದನ-ಕುದುರೆಯ ನಾಲ್ಕಾರು ಪದ ಬಿಟ್ಟರೆ ಡಿಕ್ಷನರಿ ಬೇಕಿಲ್ಲ. ಮಂಚದ ದೃಶ್ಯಗಳು ಇವೆ, ಆದರೆ ಮಿತವಾಗಿ. ಬೆನ್ನ ಹಿಂದೆ ಬಂದೂಕು ಹಿಡಿದವನಿರುವಾಗ ಅಷ್ಟು ಹೊತ್ತು ಎಲ್ಲಿಂದ ತಂದರು ಅಂತ ಕೆಲವೊಮ್ಮೆ ಅನಿಸುತ್ತದೆ. ಯಾರು ಕಳ್ಳ ಅನ್ನೋದು ನೂರನೇ ಪುಟಕ್ಕೆ ಗೊತ್ತಾಗಿಬಿಡುತ್ತದೆ. ಅತಿ ಒಳ್ಳೆಯವನಾಗಿ ಬರುವ, ಷೆರಿಫ್ ಕೈಕೆಳಗಿನ ಡೆಪ್ಯುಟಿ, ಅಥವಾ ಕಾಗದಪತ್ರ ನೋಡಿಕೊಡುವ ಲಾಯರು. ಪತ್ತೇದಾರಿಗಾಗಿ ಓದುವವರಿಗೆ ಇದು ನಿರಾಸೆ. ನನಗೆ ಯಾರು ಅನ್ನುವುದಕ್ಕಿಂತ ಹೇಗೆ ತಪ್ಪಿಸಿಕೊಳ್ಳುತ್ತಾಳೆ ಅನ್ನುವುದೇ ಮುಖ್ಯ, ಹಾಗಾಗಿ ನಡೆಯುತ್ತದೆ.

ಕೊಳ್ಳುವುದು ಹೇಗೆ? ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ರೊಮ್ಯಾನ್ಸ್ ಕಪಾಟಿನ ಕೆಳಗಿನ ಸಾಲು ತಡಕಿ. ಮಿಲ್ಸ್ ಅಂಡ್ ಬೂನ್ ಹೆಸರಿನಲ್ಲಿ, ಎರಡು ಕತೆ ಒಂದೇ ಸಂಪುಟದಲ್ಲಿ ಸೇರಿಸಿದ ಬ್ರಿಟನ್ನಿನ ಮುದ್ರಣಗಳು ಸಿಗುತ್ತವೆ, ಅವು ಲಾಭ. ಹೊಸದು ಬೇಕಾದರೆ ಇ-ಪುಸ್ತಕವೇ ಸರಿ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ನನ್ನ ವಯಸ್ಸಿಗೆ ಅದೇ ದೊಡ್ಡ ಉಪಕಾರ. ಮುಖಪುಟ ಯಾರಿಗೂ ಕಾಣುವುದಿಲ್ಲ ಅನ್ನೋದು ರೈಲಿನಲ್ಲಿ ಇನ್ನೊಂದು ಉಪಕಾರ.

ಹೆಸರಿನಲ್ಲಿ ಕೌಬಾಯ್ ಜೊತೆಗೆ ಮಗು, ಮದುವಣಗಿತ್ತಿ ಎರಡೂ ಇದ್ದರೆ ನಾನು ಕೆಳಗಿಡುತ್ತೇನೆ, ಅದರಲ್ಲಿ ಸಸ್ಪೆನ್ಸ್ ಕಮ್ಮಿ, ತೊಟ್ಟಿಲು ಜಾಸ್ತಿ. ಹಿಂಬದಿಯ ಮಾತಿನಲ್ಲಿ ನೆನಪು ಹೋದವಳು ಅಂತ ಇದ್ದರೂ ಬೇಡ. ಚಳಿಗಾಲ, ಕರು ಹಾಕುವ ಕಾಲ, ಬ್ರ್ಯಾಂಡ್ ಇನ್‌ಸ್ಪೆಕ್ಟರ್, ಈ ಮೂರರಲ್ಲಿ ಒಂದು ಕಂಡರೆ ತಗೊಳ್ಳಿ. ನಾಯಕಿಗೆ ಒಂದು ಕಸುಬಿದ್ದು, ಆ ಕಸುಬಿನಿಂದಲೇ ಅವಳು ಬಚಾವಾಗುವಂತಿದ್ದರೆ ಎರಡು ಪ್ರತಿ ತಗೊಳ್ಳಿ, ಒಂದು ನನಗೆ ಕಳಿಸಿ. ಒಟ್ಟಾರೆ ಮಾಲೆಗೆ ಐದರಲ್ಲಿ ಮೂರು. ಕರುವಿನ ದೃಶ್ಯ ಸರಿಯಾಗಿದ್ದರೆ ಮೂರೂವರೆ. ತೋಳು ಹಿಡಿದು ಗೋಡೆಗೊರಗಿಸುವ ನಾಯಕನಿಗೆ ಸೊನ್ನೆ, ಅವನ ಭುಜ ಎಷ್ಟೇ ಅಗಲವಿರಲಿ.